ಕಾಬೂಕಿ ಕಾಳಗದ ಮರದಚ್ಚು ಚಿತ್ರ: ಯಾವ ನಟ, ಯಾವ ನಾಟಕ, ಯಾವ ಕಾಲ ಎಂದು ಪತ್ತೆ ಹಚ್ಚುವುದು ಹೇಗೆ?

ಹಳೆಯ ಜಪಾನೀ ಚಿತ್ರ ಎಂದು ಇಂಟರ್‌ನೆಟ್‌ನಲ್ಲಿ ಹುಡುಕಿ ನೋಡಿ. ಕತ್ತಿ ಎತ್ತಿದ, ಕಣ್ಣು ಮೆಳ್ಳೆ ಮಾಡಿದ, ಕೈಕಾಲು ತಿರುಚಿ ನಿಂತ ಗಂಡಸರ ಚಿತ್ರಗಳು ರಾಶಿ ರಾಶಿ ಸಿಗುತ್ತವೆ. ಕೆಳಗೆ ‘ಸಮುರಾಯ್ ಯುದ್ಧ’ ಎಂದು ಬರೆದಿರುತ್ತಾರೆ. ಬಹಳ ಸಲ ಆ ಮಾತು ತಪ್ಪು. ಚಿತ್ರದಲ್ಲಿರುವವನು ಕಾಬೂಕಿಯಲ್ಲಿ, ಅಂದರೆ ಜಪಾನಿನ ಸಾಂಪ್ರದಾಯಿಕ ನಾಟಕದಲ್ಲಿ, ಸಮುರಾಯ್ ಪಾತ್ರ ಹಾಕಿದ ನಟ. ಇಂಥ ಪ್ರಿಂಟ್‌ಗಳಿಗೆ ಯಾಕುಶಾ-ಎ, ಅಂದರೆ ನಟರ ಚಿತ್ರ, ಎನ್ನುತ್ತಾರೆ. ಎದೊ ನಗರದಲ್ಲಿ, ಅಂದರೆ ಇಂದಿನ ತೋಕಿಯೋದಲ್ಲಿ, ನಾಟಕದ ಹುಚ್ಚಿದ್ದವರು ಇವನ್ನು ಅಗ್ಗದ ಬೆಲೆಗೆ ಕೊಂಡು ಒಯ್ಯುತ್ತಿದ್ದರು. ನಾಟಕ ನಡೆಯುತ್ತಿದ್ದಾಗಲೇ, ಕೆಲವೊಮ್ಮೆ ಶುರುವಾಗುವ ಮೊದಲೇ, ಪ್ರಿಂಟ್ ಅಂಗಡಿಗೆ ಬರುತ್ತಿತ್ತು.

ಪತ್ತೆ ಕೆಲಸಕ್ಕೆ ಇಳಿಯುವ ಮೊದಲು ಒಂದು ವಿಷಯ ತಿಳಿದಿರಬೇಕು. ಕಾಬೂಕಿಯ ಹೊಡೆದಾಟಕ್ಕೆ ತಾಚಿಮಾವಾರಿ ಎಂದು ಹೆಸರು. ಅಲ್ಲಿ ಯಾರೂ ಯಾರನ್ನೂ ನಿಜವಾಗಿ ಹೊಡೆಯುವುದಿಲ್ಲ. ಎಲ್ಲ ಹೆಜ್ಜೆಯೂ ಮೊದಲೇ ಕಟ್ಟಿದ್ದು. ಜೋರು ಏರಿದ ಘಳಿಗೆಯಲ್ಲಿ ನಾಯಕ ನಟ ಥಟ್ಟನೆ ನಿಂತು ಬಿಡುತ್ತಾನೆ. ತಲೆ ಒಮ್ಮೆ ಸುತ್ತಿಸಿ, ಕಣ್ಣು ಅರಳಿಸಿ, ಶಿಲೆಯಂತೆ ನಿಲ್ಲುತ್ತಾನೆ. ಇದು ಮಿಎ. ಆಗ ರಂಗದ ಬದಿಯಲ್ಲಿ ಕೂತವನೊಬ್ಬ ಎರಡು ಮರದ ತುಂಡುಗಳನ್ನು ಹಲಗೆಯ ಮೇಲೆ ಟಕಟಕ ಬಡಿಯುತ್ತಾನೆ. ಯಕ್ಷಗಾನ ನೋಡಿದವರಿಗೆ ವೀರವೇಷದ ಹೆಜ್ಜೆಗೆ ಬೀಳುವ ಚಂಡೆ ಪೆಟ್ಟು ನೆನಪಾಗಬಹುದು. ಚಿತ್ರಕಾರ ಹೆಚ್ಚಾಗಿ ಬಿಡಿಸುವುದು ಹೊಡೆದಾಟ ಹೀಗೆ ನಿಂತ ಘಳಿಗೆಯನ್ನೇ. ಹಾಗಾಗಿ ‘ಇವನ ಕಾಲು ಹೀಗೇಕೆ, ಕಣ್ಣು ಹಾಗೇಕೆ’ ಎಂದು ಚಿತ್ರಕಾರನನ್ನು ಬೈಯಬೇಡಿ. ರಂಗದ ಮೇಲೂ ಹಾಗೇ ಇತ್ತು. ಮೊದಲು ನಟನನ್ನು ಹಿಡಿಯಿರಿ, ಕಾಳಗದ ಕಥೆ ತಾನಾಗಿ ಸಿಗುತ್ತದೆ.

ಹಂತ 1: ನಟನೋ, ಯೋಧನೋ?

ಯೋಧರ ಚಿತ್ರಗಳದ್ದೇ ಬೇರೆ ಜಾತಿ. ಅವಕ್ಕೆ ಮುಶಾ-ಎ ಎಂದು ಹೆಸರು. ಚಿತ್ರಕಾರ ಉತಾಗಾವಾ ಕುನಿಯೋಶಿ 1827ರ ಸುಮಾರಿಗೆ ಶುರು ಮಾಡಿದ, ಚೀನೀ ಕಾದಂಬರಿ ‘ಸುಯಿಕೋದೆನ್’ ವೀರರ ಸರಣಿ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಮೈ ತುಂಬ ಹಚ್ಚೆ, ಉಬ್ಬಿದ ಸ್ನಾಯು, ನೀರೊಳಗೆ ಹೊರಳಾಟ. ಆ ಮುಖಗಳು ಯಾವ ನಟನದ್ದೂ ಅಲ್ಲ. ಕುದುರೆಗಳ ದಂಡು, ಬಾಣಗಳ ಮಳೆ, ರಂಗದ ಮೇಲೆ ಆಗದ ಹೋಗದ ಸಾಹಸ ಕಂಡರೆ ಯೋಧರ ಚಿತ್ರ ಎಂದೇ ಶುರು ಮಾಡಿ.

ನಟನ ಚಿತ್ರದ ಗುರುತುಗಳು ಬೇರೆ. ಮುಖದಲ್ಲಿ ವ್ಯಕ್ತಿಯ ಚಹರೆ ಇರುತ್ತದೆ. ಎಂಥ ಗಲಾಟೆಯ ನಡುವೆಯೂ ಮುಖ ನೋಡುಗರ ಕಡೆಗೆ ತಿರುಗಿರುತ್ತದೆ. ತೋಳಿನ ಮೇಲೋ ಎದೆಯ ಮೇಲೋ ಮನೆತನದ ಲಾಂಛನ ಇರುತ್ತದೆ. ಹೆಣ್ಣುಪಾತ್ರ ಇದ್ದರೆ ಹಣೆಯ ಮೇಲ್ಗಡೆ ನೋಡಿ. ಅಲ್ಲಿ ಸಣ್ಣದೊಂದು ನೇರಳೆ ಬಟ್ಟೆ ಕಂಡರೆ ಆಕೆ ಹೆಣ್ಣುವೇಷದ ಗಂಡಸು. ಬೋಳಿಸಿದ ನೆತ್ತಿ ಮುಚ್ಚಲು ಹಾಕುತ್ತಿದ್ದ ಬಟ್ಟೆ ಅದು.

ಇಲ್ಲೊಂದು ತೊಡಕಿದೆ. 1842ರಲ್ಲಿ ಸರ್ಕಾರ ನಟರ ಚಿತ್ರಗಳನ್ನೇ ನಿಷೇಧಿಸಿತು. ಐಷಾರಾಮ ಜಾಸ್ತಿಯಾಯಿತು ಎಂದು ಅದೇ ವರ್ಷ ಪ್ರಸಿದ್ಧ ನಟ ಏಳನೇ ಇಚಿಕಾವಾ ದಾಂಜೂರೊನನ್ನು ಎದೊದಿಂದ ಗಡೀಪಾರು ಮಾಡಿತು. ಪ್ರಕಾಶಕರು ಸುಮ್ಮನಿರುತ್ತಾರೆಯೇ? ಇತಿಹಾಸದ ವೀರರು, ತಂದೆತಾಯಿಯ ಸೇವೆ ಮಾಡಿದ ನೀತಿಕಥೆಯ ಪುತ್ರರು ಎಂಬ ಹೆಸರಿನಲ್ಲಿ ಪ್ರಿಂಟ್ ತಂದರು. ಮುಖ ಮಾತ್ರ ಜನಪ್ರಿಯ ನಟರದ್ದೇ. ಕೊಳ್ಳುವವರಿಗೆ ಗುಟ್ಟು ಗೊತ್ತಿತ್ತು. ಐದು ವರ್ಷದ ನಂತರ ನಟರ ಚಿತ್ರಗಳು ಮೆಲ್ಲಗೆ ವಾಪಸ್ ಬಂದವು. ಆದರೂ ನಟನ ಹೆಸರು ಬರೆಯದೆ ಬಿಡುವ ಪದ್ಧತಿ ಸುಮಾರು 1860ರವರೆಗೆ ಉಳಿಯಿತು. ಹೀಗಾಗಿ ಆ ಕಾಲದ ಪ್ರಿಂಟ್‌ನಲ್ಲಿ ಬರಹಕ್ಕಿಂತ ಮುಖವನ್ನು ನಂಬಿ.

ಹಂತ 2: ಹಾಳೆ ಎಣಿಸಿ, ಅಳತೆ ಹಿಡಿಯಿರಿ

ಓಬಾನ್ ಹಾಳೆ ಸುಮಾರು 25 ಸೆಂ.ಮೀ. ಅಗಲ, 37 ಸೆಂ.ಮೀ. ಎತ್ತರ. ಹತ್ತೊಂಬತ್ತನೇ ಶತಮಾನದ ಎದೊ ಪ್ರಿಂಟ್‌ಗಳಲ್ಲಿ ಇದೇ ಹೆಚ್ಚು. ಅದರ ಅರ್ಧ ಚೂಬಾನ್. 1840ರ ದಶಕದ ಕೊನೆಯಿಂದ ಒಸಾಕಾದ ನಟರ ಪ್ರಿಂಟ್‌ಗಳು ಬಹುಪಾಲು ಈ ಅಳತೆಯವು. ಸುಮಾರು 33 x 15 ಸೆಂ.ಮೀ.ನ ಉದ್ದ ಕಿರಿದಾದ ಹಾಳೆ ಹೊಸೊಬಾನ್. ಹದಿನೆಂಟನೇ ಶತಮಾನದಲ್ಲಿ ಕಾತ್ಸುಕಾವಾ ಶುನ್‌ಶೋ ಮತ್ತು ಅವನ ಶಿಷ್ಯರು ಇದರಲ್ಲಿ ಒಬ್ಬೊಬ್ಬ ನಟನನ್ನು ನಿಲ್ಲಿಸಿದರು.

ಹೊಡೆದಾಟಕ್ಕೆ ಜಾಗ ಬೇಕಲ್ಲ? ಹಾಗಾಗಿ ಮೂರು ಓಬಾನ್ ಹಾಳೆ ಜೋಡಿಸಿದ ಚಿತ್ರಗಳು ಜಾಸ್ತಿ. ಇವನ್ನು ಬಲದಿಂದ ಎಡಕ್ಕೆ ಓದಬೇಕು. ಒಂದೊಂದು ಹಾಳೆಯಲ್ಲೂ ಒಬ್ಬ ಮುಖ್ಯ ನಟ ಇರುವಂತೆ ಬಿಡಿಸುತ್ತಿದ್ದರು. ಅಭಿಮಾನಿ ತನಗೆ ಬೇಕಾದವನ ಹಾಳೆ ಮಾತ್ರ ಕೊಳ್ಳಬಹುದಿತ್ತು. ಇದರಿಂದ ನಮಗೆ ಕಷ್ಟ. ಎಷ್ಟೋ ಹಾಳೆಗಳು ಒಂಟಿಯಾಗಿ ಸಿಗುತ್ತವೆ. ಚಿತ್ರದ ಅಂಚನ್ನು ನೋಡಿ. ಕತ್ತಿಯ ತುದಿ, ಹಗ್ಗ, ಮರದ ಕೊಂಬೆ ಅಲ್ಲಿ ಕಡಿದು ಹೋಗಿದೆಯೇ? ನಟ ಹಾಳೆಯ ಆಚೆ ಯಾರನ್ನೋ ದುರುಗುಟ್ಟಿ ನೋಡುತ್ತಿದ್ದಾನೆಯೇ? ಹಾಗಿದ್ದರೆ ಜೊತೆಗಾರ ಹಾಳೆ ಇದೆ ಎಂದೇ ಹುಡುಕಿ.

ಹಂತ 3: ಎಂಥ ಹೊಡೆದಾಟ?

ಈ ಹಂತಕ್ಕೆ ಸಮಯ ಕೊಡಿ. ಕಾಬೂಕಿಯಲ್ಲಿ ಕಾಳಗದ ದೃಶ್ಯಗಳು ಸಿಕ್ಕಾಪಟ್ಟೆ ಇದ್ದರೂ, ಮತ್ತೆ ಮತ್ತೆ ಪ್ರಿಂಟ್ ಆಗುವ ಕೆಲವನ್ನು ಗುರುತಿಟ್ಟುಕೊಂಡರೆ ದಾರಿ ಸುಲಭ.

*ಎಳೆದಾಟ.* ಇಬ್ಬರು ದಾಂಡಿಗರು ಒಂದು ಕವಚದ ಕೆಳಭಾಗವನ್ನು ಹಿಡಿದು ಎಳೆಯುತ್ತಿದ್ದರೆ ಅವರು ಸೊಗಾ ಗೊರೊ ಮತ್ತು ಅಸಾಹಿನಾ. ಗೊರೊನ ಉಡುಪಿನ ಮೇಲೆ ಚಿಟ್ಟೆಗಳಿರುತ್ತವೆ, ಅಸಾಹಿನಾನ ಉಡುಪಿನ ಮೇಲೆ ಕೊಕ್ಕರೆ. 1193ರಲ್ಲಿ ತಂದೆಯ ಸಾವಿಗೆ ಸೇಡು ತೀರಿಸಿದ ಸೊಗಾ ಅಣ್ಣತಮ್ಮಂದಿರ ಕಥೆ ಇದು. ಎದೊ ರಂಗಮಂದಿರಗಳು ಹೊಸ ವರ್ಷಕ್ಕೆ ಸೊಗಾ ನಾಟಕ ಆಡುವುದು ವಾಡಿಕೆಯಾಗಿತ್ತು. ಆದ್ದರಿಂದ ಪ್ರಿಂಟ್ ವರ್ಷಾರಂಭದ್ದಿರಬಹುದು ಎಂಬ ಸುಳಿವೂ ಸಿಕ್ಕಿತು.

*ಬಂಡಿ ತಡೆಯುವುದು.* ಎತ್ತಿನ ಬಂಡಿ, ಅದರ ಸುತ್ತ ಮೂವರು. 1746ರ ‘ಸುಗಾವಾರಾ’ ನಾಟಕದ ತ್ರಿವಳಿ ಅಣ್ಣತಮ್ಮಂದಿರು ಇವರು. ಉಮೆಓಮಾರು, ಸಾಕುರಾಮಾರು ಇಬ್ಬರೂ ಬಂಡಿ ತಡೆಯುತ್ತಾರೆ, ಮಾತ್ಸುಓಮಾರು ಕಾಯುತ್ತಾನೆ. ಪ್ಲಮ್, ಚೆರಿ, ಪೈನ್ ಮರಗಳು ಅವರ ಹೆಸರಿನಲ್ಲೂ ಇವೆ, ಉಡುಪಿನಲ್ಲೂ ಹುಡುಕಿ. ಉಮೆಓಮಾರು ಸೊಂಟಕ್ಕೆ ಮೂರು ಭಾರೀ ಕತ್ತಿ ಸಿಕ್ಕಿಸಿರುತ್ತಾನೆ. ಬಂಡಿಯ ಮೇಲೆ ನೀಲಿ ಗೆರೆಯ ಮುಖದವನು ನಿಂತಿದ್ದರೆ ಅವನೇ ಖಳ ಶಿಹೇ.

*ಚಾವಣಿ.* ಹೆಂಚಿನ ಮಾಡಿನ ಮೇಲೆ ಕಾಳಗ ಕಂಡರೆ ಎರಡು ನಾಟಕ ನೆನಪಿಡಿ. ಇಬ್ಬರೇ ಇದ್ದು, ಒಬ್ಬನ ಕೈಯಲ್ಲಿ ಕತ್ತಿ, ಇನ್ನೊಬ್ಬನ ಕೈಯಲ್ಲಿ ಕೊಕ್ಕೆ ಇರುವ ಕಬ್ಬಿಣದ ಸಣ್ಣ ಕೋಲು ಇದ್ದರೆ ಅದು ಹೋರ್ಯೂಕಾಕು ಎಂಬ ಎತ್ತರದ ಕಟ್ಟಡದ ಮಾಡು. ಬಾಕಿನ್ 1814ರಿಂದ 1842ರವರೆಗೆ ಬರೆದ ಎಂಟು ನಾಯಿವೀರರ ಕಾದಂಬರಿಯ ದೃಶ್ಯ. ಶಿನೊ ಮತ್ತು ಗೆನ್‌ಪಾಚಿ ತಮ್ಮ ನಂಟು ತಿಳಿಯದೆ ಬಡಿದಾಡುತ್ತಾರೆ. ಇದೇ ದೃಶ್ಯವನ್ನು ಯೋಶಿತೋಶಿ 1885ರಲ್ಲಿ ಮೇಲೆ ಕೆಳಗೆ ಎರಡು ಹಾಳೆ ಜೋಡಿಸಿ ಯೋಧರ ಚಿತ್ರವಾಗಿ ಮಾಡಿದ. ಹಂತ 1 ಏಕೆ ಬೇಕು ಎಂಬುದಕ್ಕೆ ಇದೇ ಸಾಕ್ಷಿ. ಇನ್ನೊಂದು ಚಾವಣಿ ಗೊಕುರಾಕುಜಿ ದೇವಾಲಯದ್ದು. ಅಲ್ಲಿ ಸುಂದರ ಕಳ್ಳ ಬೆಂತೆನ್ ಕೊಜೊ ಒಬ್ಬನೇ, ಸುತ್ತ ಹಿಡಿಯಲು ಬಂದವರ ಗುಂಪು. ಮೊಕುಆಮಿ ಬರೆದ ಈ ನಾಟಕ 1862ರಲ್ಲಿ ರಂಗಕ್ಕೆ ಬಂತು. ಚಿತ್ರಕಾರ ಕುನಿಸಾದಾನ ಪ್ರಿಂಟ್ ನೋಡಿಯೇ ಮೊಕುಆಮಿಗೆ ಇದು ಹೊಳೆಯಿತು ಎಂಬ ಮಾತಿದೆ. ಪ್ರಿಂಟ್‌ನಿಂದ ನಾಟಕ, ನಾಟಕದಿಂದ ಮತ್ತೆ ಪ್ರಿಂಟ್!

*ಕತ್ತಲಾಟ.* ನನಗೆ ತುಂಬ ಇಷ್ಟವಾದದ್ದು ಇದು. ಹಿನ್ನೆಲೆ ಕಪ್ಪು ಅಥವಾ ಬೂದು. ನಾಲ್ಕೈದು ಜನ ಒತ್ತೊತ್ತಾಗಿ ಇದ್ದಾರೆ, ಆದರೆ ಒಬ್ಬರು ಇನ್ನೊಬ್ಬರನ್ನು ನೋಡುತ್ತಿಲ್ಲ. ಕೈಗಳು ಗಾಳಿಯಲ್ಲಿ ತಡಕಾಡುತ್ತಿವೆ. ಒಂದು ಸುರುಳಿಯೋ ಪತಾಕೆಯೋ ಕೈಯಿಂದ ಕೈಗೆ ಹೋಗುತ್ತಿದೆ. ಇದು ದಾನ್‌ಮಾರಿ, ಮಾತಿಲ್ಲದ ದೃಶ್ಯ. ರಂಗದ ಮೇಲೆ ಬೆಳಕು ಇದ್ದೇ ಇರುತ್ತದೆ. ನಟರು ಮಾತ್ರ ಕಗ್ಗತ್ತಲಲ್ಲಿ ಇರುವಂತೆ ನಿಧಾನವಾಗಿ ನಡೆಯುತ್ತಾರೆ. ‘ಸಮುರಾಯ್ ಯುದ್ಧ’ ಎಂಬ ಹಣೆಪಟ್ಟಿ ಇಂಥ ಚಿತ್ರಕ್ಕೆ ಅಂಟಿದಾಗ ನಿಜಕ್ಕೂ ನಗು ಬರುತ್ತದೆ.

*ಕೆಸರಿನ ಕೊಲೆ.* ಹಚ್ಚೆ ತುಂಬಿದ ಮೈ, ಕೆಂಪು ಲಂಗೋಟಿ, ಬಾವಿ, ಕೆಸರು, ದೂರದಲ್ಲಿ ಹಬ್ಬದ ಲಾಟೀನುಗಳು. ಇದು 1745ರ ‘ನಾತ್ಸು ಮಾತ್ಸುರಿ’. ಮೀನು ಮಾರುವ ದಾನ್‌ಶಿಚಿ ದುರಾಸೆಯ ಮಾವನನ್ನು ಕೊಲ್ಲುವ ದೃಶ್ಯ. ಹಬ್ಬದ ಗದ್ದಲ ಹತ್ತಿರ ಬರುತ್ತಿದ್ದಂತೆ ಕೊಲೆ ಮುಗಿಯುತ್ತದೆ.

*ಹಿಡಿಯಲು ಬಂದವರು.* ಒಬ್ಬನ ಸುತ್ತ ಒಂದೇ ಥರದ ಉಡುಪಿನ ಹತ್ತಾರು ಜನ, ಕೆಲವರು ಲಾಗ ಹಾಕಿ ಗಾಳಿಯಲ್ಲಿದ್ದಾರೆ. ಕೈಯಲ್ಲಿ ಆಯುಧದ ಬದಲು ಹೂವಿನ ಕೊಂಬೆ ಇದ್ದರೂ ಗಾಬರಿಯಾಗಬೇಡಿ, ಅದೂ ಕಾಬೂಕಿಯ ಪದ್ಧತಿಯೇ. ಹಗ್ಗಗಳು ಅಡ್ಡಾದಿಡ್ಡಿ ಎಳೆದು ಬಲೆಯಂತಾಗಿ, ನಡುವೆ ಒಬ್ಬ ತರುಣ ಇದ್ದರೆ 1747ರ ‘ಸೆನ್‌ಬೊನ್ ಝಾಕುರಾ’ ನಾಟಕದ ಕೊಕಿಂಗೊ. ಕೋಟೆಯ ಕಂದಕದ ಅಂಚು, ಕುಡಿದ ಗಂಡಸು, ಹಿಂದೆ ಕೊಡೆ ಹಿಡಿದ ಅಧಿಕಾರಿ ಕಂಡರೆ ಮಾರುಬಾಶಿ ಚೂಯಾ. 1870ರಲ್ಲಿ ಮೊದಲನೇ ಇಚಿಕಾವಾ ಸಾದಾಂಜಿಗೆ ಹೆಸರು ತಂದುಕೊಟ್ಟ ಪಾತ್ರ ಅದು.

ಮುಖದ ಮೇಲಿನ ಗೆರೆಗಳನ್ನೂ ಇದೇ ಹಂತದಲ್ಲಿ ನೋಡಿಬಿಡಿ. ಈ ಬಣ್ಣಗಾರಿಕೆಗೆ ಕುಮಾದೊರಿ ಎನ್ನುತ್ತಾರೆ. ಕೆಂಪು ಗೆರೆ ಶೌರ್ಯಕ್ಕೆ, ನೀಲಿ ಗೆರೆ ಕೇಡಿಗೆ ಮತ್ತು ಪ್ರೇತಕ್ಕೆ, ಕಂದು ಗೆರೆ ಜೇಡರಾಕ್ಷಸನಂಥ ಮನುಷ್ಯರಲ್ಲದ ಪಾತ್ರಕ್ಕೆ. ಕೆಂಪು ಗೆರೆ, ಬೃಹತ್ ಉಡುಪು, ಭಾರೀ ಕತ್ತಿ ಮೂರೂ ಸೇರಿದರೆ ಅದು ಅರಾಗೊತೊ, ಅಂದರೆ ಮೊದಲನೇ ದಾಂಜೂರೊ ಬೆಳೆಸಿದ ಅಬ್ಬರದ ಶೈಲಿ. ಆತ 1704ರಲ್ಲಿ ರಂಗಮಂದಿರದಲ್ಲೇ ಸಹನಟನ ಕೈಯಲ್ಲಿ ಕೊಲೆಯಾದ. ಅದು ಮಾತ್ರ ನಟನೆ ಆಗಿರಲಿಲ್ಲ.

ಹಂತ 4: ಮುಖ ಮತ್ತು ಲಾಂಛನ

ಮೊದಲು ಲಾಂಛನ ಹುಡುಕಿ, ಅದು ಸುಲಭ. ಒಂದರೊಳಗೆ ಒಂದು ಮೂರು ಚೌಕ ಕಂಡರೆ ಇಚಿಕಾವಾ ದಾಂಜೂರೊ ಮನೆತನ. ಬೀಸಣಿಗೆಗಳ ನಡುವೆ ಓಕ್ ಎಲೆಗಳಿದ್ದರೆ ಒನೊಯೆ ಕಿಕುಗೊರೊ. ನಾಲ್ಕು ಹೂವಿನ ವಜ್ರಾಕೃತಿಗಳು ಸೇರಿದ್ದರೆ ಮಾತ್ಸುಮೊತೊ ಕೊಶಿರೊ. ಆದರೆ ಎಚ್ಚರ, ಕೆಲವು ಲಾಂಛನ ಪಾತ್ರಕ್ಕೆ ಸೇರಿದ್ದು. ಅಸಾಹಿನಾನ ಕೊಕ್ಕರೆ ಹಾಗೆಯೇ. ಅದನ್ನು ಯಾವ ನಟ ಆ ವೇಷ ಹಾಕಿದರೂ ತೊಡುತ್ತಾನೆ.

ಮುಖ ಗುರುತಿಸುವುದು ನಿಧಾನಕ್ಕೆ ಬರುತ್ತದೆ. ಐದನೇ ಕೊಶಿರೊನಿಂದ (1764–1838) ಶುರು ಮಾಡಿ. ಅಷ್ಟು ದೊಡ್ಡ ಕೊಕ್ಕೆಮೂಗು, ಅಷ್ಟು ಸಣ್ಣ ಕಣ್ಣು ಇನ್ಯಾರಿಗೂ ಇಲ್ಲ. ಖಳಪಾತ್ರಗಳಲ್ಲಿ ಅವನ ಮೂಗೇ ಅರ್ಧ ಕೆಲಸ ಮಾಡುತ್ತಿತ್ತು. ಏಳನೇ ದಾಂಜೂರೊನದ್ದು (1791–1859) ದೊಡ್ಡ ಉಬ್ಬುಗಣ್ಣು. ಅವನ ಮಗ ಎಂಟನೆಯವನದ್ದು ಉದ್ದನೆಯ ಸುಂದರ ಮುಖ. 1854ರಲ್ಲಿ ಒಸಾಕಾದಲ್ಲಿ ಆತ ಆತ್ಮಹತ್ಯೆ ಮಾಡಿಕೊಂಡಾಗ ಅಭಿಮಾನಿಗಳಿಗಾಗಿ ರಾಶಿಗಟ್ಟಲೆ ಸ್ಮರಣೆಯ ಪ್ರಿಂಟ್‌ಗಳು ಬಂದವು. ಹೆಸರಿನ ಮುಂದಿನ ಸಂಖ್ಯೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದೇ ಹೆಸರು ತಲೆಮಾರುಗಳಿಗೆ ಇಳಿಯುತ್ತದೆ. ಒಬ್ಬನೇ ಬದುಕಿನಲ್ಲಿ ಹಲವು ಹೆಸರು ಪಡೆಯುತ್ತಾನೆ. ಏಳನೇ ದಾಂಜೂರೊ 1832ರಲ್ಲಿ ಹೆಸರನ್ನು ಮಗನಿಗೆ ಬಿಟ್ಟು ತಾನು ಎಬಿಝೊ ಆದ.

ಹಂತ 5: ಸಹಿ, ಮುದ್ರೆ, ಕಾಲ

ಬರಹ ಓದಲು ಬರುವುದಿಲ್ಲ ಎಂದು ಹೆದರಬೇಡಿ. ಮುದ್ರೆಗಳ ಆಕಾರ ಮತ್ತು ಎಣಿಕೆಯೇ ಅರ್ಧ ಉತ್ತರ ಹೇಳುತ್ತದೆ. ಎದೊದಲ್ಲಿ ಪ್ರತಿ ಪ್ರಿಂಟ್‌ಗೂ ಸೆನ್ಸಾರ್ ಒಪ್ಪಿಗೆ ಬೇಕಿತ್ತು.

1790ರಿಂದ 1842ರವರೆಗೆ ‘ಕಿವಾಮೆ’ ಎಂಬ ಒಂದು ಸಣ್ಣ ದುಂಡು ಮುದ್ರೆ. ನಂತರ 1847ರವರೆಗೆ ಒಬ್ಬ ಅಧಿಕಾರಿಯ ಹೆಸರಿನ ಮುದ್ರೆ. 1847ರಿಂದ 1852ರವರೆಗೆ ಇಬ್ಬರು ಅಧಿಕಾರಿಗಳ ಎರಡು ಮುದ್ರೆ. 1852–53ರಲ್ಲಿ ಆ ಎರಡರ ಜೊತೆಗೆ ತಾರೀಕಿನ ಮೂರನೆಯದು. 1853ರ ಕೊನೆಯಿಂದ 1857ರವರೆಗೆ ‘ಅರಾತಾಮೆ’ ಎಂಬ ಒಪ್ಪಿಗೆಯ ಮುದ್ರೆ ಒಂದು, ತಾರೀಕಿನದು ಇನ್ನೊಂದು. 1858ರಲ್ಲಿ ಬರೀ ತಾರೀಕು. 1859ರಿಂದ 1872ರ ಸುಮಾರಿನವರೆಗೆ ಎರಡೂ ಸೇರಿದ ಒಂದೇ ದುಂಡು ಮುದ್ರೆ. 1876ರ ನಂತರದ ಪ್ರಿಂಟ್‌ನಲ್ಲಿ ಅಂಚಿನಲ್ಲೇ ತಾರೀಕು, ಪ್ರಕಾಶಕನ ಹೆಸರು, ವಿಳಾಸ ಇರುತ್ತದೆ.

ತಾರೀಕಿನ ಮುದ್ರೆಯಲ್ಲಿ ವರ್ಷಕ್ಕೆ ಒಂದು ಪ್ರಾಣಿ, ತಿಂಗಳಿಗೆ ಒಂದು ಅಂಕೆ. 1852 ಇಲಿ, 1853 ಎತ್ತು, 1854 ಹುಲಿ, 1855 ಮೊಲ, 1856 ಡ್ರಾಗನ್, ಹೀಗೆ ಹನ್ನೆರಡು ವರ್ಷದ ಸುತ್ತು. ಇಲಿ ಮತ್ತೆ 1864ಕ್ಕೆ ಬರುತ್ತದೆ. ಹಾಗಾದರೆ ಇಲಿ ಕಂಡರೆ ಯಾವ ವರ್ಷ? ಉಳಿದ ಮುದ್ರೆ ಎಣಿಸಿ. ಪಕ್ಕದಲ್ಲಿ ಅಧಿಕಾರಿಗಳ ಎರಡು ಮುದ್ರೆ ಇದ್ದರೆ 1852, ಎಲ್ಲ ಸೇರಿದ ಒಂದೇ ಮುದ್ರೆ ಇದ್ದರೆ 1864. ತಿಂಗಳು ಮಾತ್ರ ಹಳೆಯ ಚಾಂದ್ರಮಾನದ್ದು. ಜಪಾನ್ ಈಗಿನ ಕ್ಯಾಲೆಂಡರ್‌ಗೆ ಬಂದದ್ದು 1873ರ ಜನವರಿಯಲ್ಲಿ. ಒಸಾಕಾ ಪ್ರಿಂಟ್‌ನಲ್ಲಿ ಸಾಮಾನ್ಯವಾಗಿ ಸೆನ್ಸಾರ್ ಮುದ್ರೆ ಇರುವುದೇ ಇಲ್ಲ. ಅಲ್ಲಿ ನಾಟಕ ಹಿಡಿದೇ ಕಾಲ ಹೇಳಬೇಕು.

ಸಹಿಯಲ್ಲಿ ‘ತೊಯೊಕುನಿ’ ಎಂದಿದ್ದರೆ ಒಂದು ಕ್ಷಣ ನಿಲ್ಲಿ. ಮೊದಲನೇ ತೊಯೊಕುನಿ 1825ರಲ್ಲಿ ತೀರಿಕೊಂಡ. 1844ರಿಂದ ಅದೇ ಹೆಸರಿನಲ್ಲಿ ಸಹಿ ಹಾಕಿದವನು ಅವನ ಶಿಷ್ಯ ಕುನಿಸಾದಾ (1786–1865). ಸಹಿಯ ಸುತ್ತ ಕೆಂಪು–ಹಳದಿಯ ಉದ್ದನೆಯ ಚೌಕಟ್ಟು ಇದ್ದರೆ ಹೆಚ್ಚಾಗಿ ಇವನದ್ದೇ.

ಮುದ್ರೆ ಕತ್ತರಿಸಿ ಹೋಗಿದೆಯೇ? ಬಣ್ಣ ನೋಡಿ. ದಪ್ಪ ಗೆರೆ, ಕೈಯಲ್ಲಿ ಬಳಿದ ಕಿತ್ತಳೆ–ಕೆಂಪು, ಸೋರೆಕಾಯಿಯಂತೆ ಉಬ್ಬಿದ ಕಾಲು ಇದ್ದರೆ 1700ರ ಸುಮಾರಿನ ತೊರಿಯಿ ಚಿತ್ರಕಾರ ಮನೆತನದ ಶೈಲಿ. ಪೂರ್ಣ ಬಣ್ಣದ ಅಚ್ಚು 1765ರಿಂದ ಈಚೆಗೆ. ಗಾಢ ಪ್ರಶ್ಯನ್ ನೀಲಿ 1830ರ ಆಸುಪಾಸಿನಿಂದ. ಕಣ್ಣಿಗೆ ಹೊಡೆಯುವ ರಾಸಾಯನಿಕ ಕೆಂಪು, ನೇರಳೆ ಕಂಡರೆ 1860ರ ದಶಕ ಅಥವಾ ಆಮೇಲೆ. ಕುನಿಚಿಕಾ (1835–1900) ಮಾಡಿದ ಪ್ರಿಂಟ್‌ಗಳಲ್ಲಿ ಈ ಕೆಂಪು ಧಾರಾಳ.

ಹಂತ 6: ಡೇಟಾಬೇಸ್‌ನಲ್ಲಿ ಹೋಲಿಸಿ

ಈಗ ನಿಮ್ಮ ಕೈಯಲ್ಲಿ ಒಂದು ಊಹೆ ಇದೆ. ವಾಸೆದಾ ವಿಶ್ವವಿದ್ಯಾಲಯದ ತ್ಸುಬೊಉಚಿ ರಂಗಭೂಮಿ ವಸ್ತುಸಂಗ್ರಹಾಲಯ, ಕ್ಯೋತೊದ ರಿತ್ಸುಮೇಕಾನ್ ವಿಶ್ವವಿದ್ಯಾಲಯ, ಬಾಸ್ಟನ್‌ನ ಫೈನ್ ಆರ್ಟ್ಸ್ ಮ್ಯೂಸಿಯಂ, ಬ್ರಿಟಿಷ್ ಮ್ಯೂಸಿಯಂ ಇವೆಲ್ಲ ತಮ್ಮ ಪ್ರಿಂಟ್‌ಗಳನ್ನು ಆನ್‌ಲೈನ್‌ನಲ್ಲಿ ಇಟ್ಟಿವೆ. ಹಲವು ಸಂಗ್ರಹಗಳಲ್ಲಿ ಒಟ್ಟಿಗೆ ಫೋಟೊ ಹಾಕಿ ಹುಡುಕುವ ಉಕಿಯೊ-ಎ (ಇಂಥ ಹಳೆಯ ಜಪಾನೀ ಮರದಚ್ಚು ಚಿತ್ರ) ತಾಣವೂ ಇದೆ. ಫೋಟೊದಿಂದ ಶುರು ಮಾಡಿ. ಸಿಗದಿದ್ದರೆ ನಟ, ಪಾತ್ರ, ವರ್ಷ ಎಂದು ಹುಡುಕಿ. ಸಿಕ್ಕಾಗ ಹೆಸರು ಬರೆದುಕೊಂಡು ಸುಮ್ನೆ ಎದ್ದುಹೋಗಬೇಡಿ. ಅದೇ ನಾಟಕದ ಬೇರೆ ಪ್ರಿಂಟ್‌ಗಳಲ್ಲಿ ಅದೇ ನಟ, ಅದೇ ಉಡುಪು ಇದೆಯೇ ನೋಡಿ. ಎಂದೂ ಆಡದ ನಾಟಕಕ್ಕೆ ಅಭಿಮಾನಿಗಳ ಆಸೆಯಂತೆ ನಟರನ್ನು ಜೋಡಿಸಿದ ಪ್ರಿಂಟ್‌ಗಳೂ ಬರುತ್ತಿದ್ದವು.

ಅಭ್ಯಾಸಕ್ಕೆ ಚಿತ್ರಕಾರ ಶಾರಾಕುವಿನ ಒಂದು ಜೋಡಿ ಹಿಡಿಯಿರಿ. ಒಂದರಲ್ಲಿ ಬೆರಳು ಹರಡಿದ ಎರಡು ಕೈ ಉಡುಪಿನೊಳಗಿಂದ ಮುಂದೆ ಬಂದಿವೆ, ಕಣ್ಣು ಮೂಗಿನ ಕಡೆ, ಬಾಯಿ ಬಿಗಿ. ಇನ್ನೊಂದರಲ್ಲಿ ತರುಣನೊಬ್ಬ ಕತ್ತಿ ಹಿರಿಯುತ್ತಿದ್ದಾನೆ. ಎರಡೂ ಎದೆಮಟ್ಟದ ಚಿತ್ರ, ಹಿನ್ನೆಲೆಯಲ್ಲಿ ಅಭ್ರಕದ ಕಡುಬೂದು ಹೊಳಪು. ನಟರ ಹೆಸರಿಲ್ಲ. ಸಹಿ, ಕಿವಾಮೆ ಮುದ್ರೆ, ಪ್ರಕಾಶಕ ತ್ಸುತಾಯಾನ ಗುರುತು ಮಾತ್ರ ಇವೆ. ಕಿವಾಮೆ ಎಂದಮೇಲೆ 1790ರ ನಂತರದ್ದು. ಶಾರಾಕು ಕೆಲಸ ಮಾಡಿದ್ದು 1794–95ರಲ್ಲಿ, ಸುಮಾರು ಹತ್ತು ತಿಂಗಳು. ಅಭ್ರಕದ ಹಿನ್ನೆಲೆಯ 28 ಮುಖಚಿತ್ರಗಳು 1794ರ ಐದನೇ ತಿಂಗಳ ನಾಟಕಗಳವು. ಅಲ್ಲಿಗೆ ಕಾಲ ಸಿಕ್ಕಿತು. ಆ ತಿಂಗಳು ಕಾವಾರಾಝಾಕಿ ರಂಗಮಂದಿರದಲ್ಲಿ ಆಡಿದ ನಾಟಕದಲ್ಲಿ ಎದೊಬೇ ಎಂಬ ಕೇಡಿ ಇಪ್ಪೇ ಎಂಬ ಆಳಿನ ಹಣ ಕಸಿಯಲು ಬರುತ್ತಾನೆ. ಮೂರನೇ ಓತಾನಿ ಒನಿಜಿ ಎದೊಬೇ, ಮೊದಲನೇ ಇಚಿಕಾವಾ ಒಮೆಝೊ ಇಪ್ಪೇ. ಎರಡು ಹಾಳೆ ಅಕ್ಕಪಕ್ಕ ಇಡಿ. ಇಬ್ಬರೂ ಎದುರುಬದುರಾಗುತ್ತಾರೆ. ಒಂಟಿಯಾಗಿ ನೋಡಿದಾಗ ವಿಚಿತ್ರ ಎನಿಸುವ ಆ ಕೈಗಳ ಅರ್ಥ ಆಗ ತಿಳಿಯುತ್ತದೆ. ಎದೊಬೇಯ ಚಿತ್ರ ಟೀ ಶರ್ಟಿನ ಮೇಲೂ ಬಂದುಬಿಟ್ಟಿದೆ, ಪಾಪ ಇಪ್ಪೇಯನ್ನು ಕೇಳುವವರಿಲ್ಲ.

ಹಂತ 7: ಕೊಳ್ಳುವುದಾದರೆ

ಭೂತಗನ್ನಡಿಯಲ್ಲಿ ನೋಡಿ. ಬಣ್ಣ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದರೆ ಅದು ಯಂತ್ರದ ಮುದ್ರಣ. ಮರದಚ್ಚಿನಲ್ಲಿ ಬಣ್ಣ ಕಾಗದದ ನಾರಿನೊಳಗೆ ಇಳಿದಿರುತ್ತದೆ. ಹಾಳೆ ತಿರುಗಿಸಿದರೆ ಹಿಂಬದಿಯಲ್ಲೂ ಕಾಣುತ್ತದೆ, ಉಜ್ಜುವ ಗುಂಡು ಸಾಧನ ಓಡಿದ ಗುರುತೂ ಸಿಗಬಹುದು. ಇಷ್ಟಿದ್ದ ಮಾತ್ರಕ್ಕೆ ಹಳೆಯದು ಎಂದು ಹೇಳಲಾಗದು. ಇಪ್ಪತ್ತನೇ ಶತಮಾನದಲ್ಲಿ ಹೊಸ ಹಲಗೆ ಕೆತ್ತಿ ಮಾಡಿದ ಒಳ್ಳೆಯ ಮರುಮುದ್ರಣಗಳೂ ಮರದಚ್ಚೇ. ಮ್ಯೂಸಿಯಂ ಪ್ರತಿಯ ಪಕ್ಕದಲ್ಲಿಟ್ಟು ಗೆರೆ ಗೆರೆಗೂ ಹೋಲಿಸಿ. ಬೇರೆ ಹಲಗೆಯಾದರೆ ಕೂದಲಿನ ಗೆರೆಯಲ್ಲಿ, ಸಹಿಯಲ್ಲಿ ವ್ಯತ್ಯಾಸ ಸಿಕ್ಕಿಬೀಳುತ್ತದೆ. ಶಾರಾಕು ಅಗ್ಗಕ್ಕೆ ಸಿಕ್ಕಿದರೆ ಅದು ಮರುಮುದ್ರಣ ಎಂದೇ ತಿಳಿಯಿರಿ. ಕುನಿಸಾದಾ, ಕುನಿಚಿಕಾ ವಿಷಯ ಬೇರೆ. ಇಬ್ಬರೂ ಅಷ್ಟೊಂದು ಮಾಡಿದ್ದರಿಂದ ಅಸಲಿಯೇ ಕೈಗೆಟಕುವ ಬೆಲೆಗೆ ಸಿಗಬಹುದು. ಬೆನ್ನಿಗೆ ಕಾಗದ ಅಂಟಿಸಿರುವುದು, ಹುಳು ತಿಂದ ತೂತು, ಆಲ್ಬಮ್‌ಗೆ ಹೊಲಿದ ರಂಧ್ರ ಇವೆಲ್ಲ ಸಾಮಾನ್ಯ. ಅಂಚು ಕತ್ತರಿಸಿ ಮುದ್ರೆಯೇ ಹೋಗಿದ್ದರೆ ಮಾತ್ರ ಬೆಲೆ ಇಳಿಸಿ ಕೇಳಿ.

ಮನೆಗೆ ತಂದ ಮೇಲೆ ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ. ಹಳೆಯ ಸಸ್ಯದ ಬಣ್ಣಗಳು, ಅದರಲ್ಲೂ ಕುಸುಬೆ ಹೂವಿನ ಕೆಂಪು ಮತ್ತು ಹೂವಿನ ನೀಲಿ, ಬೆಳಕಿಗೆ ಬೇಗ ಮಾಸುತ್ತವೆ. ಸೆಲ್ಲೋಟೇಪ್, ಲ್ಯಾಮಿನೇಷನ್ ಎರಡೂ ಬೇಡ. ಆಮ್ಲವಿಲ್ಲದ ಕಾಗದದ ನಡುವೆ, ಚಪ್ಪಟೆಯಾಗಿ, ಒಣ ಜಾಗದಲ್ಲಿ ಇಡಿ. ಕರಾವಳಿ, ಮಲೆನಾಡಿನಲ್ಲಿ ಇರುವವರು ಮಳೆಗಾಲ ಮುಗಿದ ಮೇಲೆ ಒಮ್ಮೆ ತೆಗೆದು ಬೂಷ್ಟು, ಬೆಳ್ಳಿಹುಳು ಹಿಡಿದಿಲ್ಲವೆಂದು ನೋಡಿಕೊಳ್ಳಿ. ಮೂರು ಹಾಳೆಯ ಚಿತ್ರವಾದರೆ ಮೂರನ್ನೂ ಒಂದೇ ಚೌಕಟ್ಟಿಗೆ ಹಾಕಿಸಿ. ಅಂಗಡಿಯವರಿಗೆ ಬಲ, ನಡು, ಎಡ ಎಂದು ಚೀಟಿ ಬರೆದು ಕೊಡಿ. ಇಲ್ಲದಿದ್ದರೆ ಎಡದಿಂದ ಜೋಡಿಸಿ, ಕತ್ತಿ ಎತ್ತಿದವನು ಗೋಡೆಗೆ ಹೊಡೆಯುವಂತೆ ಮಾಡಿಬಿಡುತ್ತಾರೆ.